60ಕ್ಕೆ 2300 ತೋರಿಸ್ತಿದ್ದ ಮುಳ್ಳು ಈಗ 1500 ಅಂತೈತೆ, ಮೇಲೆ ಕುಣೀತೈತೆ (ಅಂಬಾಸಿಡರ್ ಮಾರ್ಕ್ 3, ಟ್ಯಾಕೋಮೀಟರ್)

ಅಪ್ಪಾಜಿ_ಅಂಬಿ · ಬಳ್ಳಾರಿ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಾಜಿಯವರ 1978ರ ಅಂಬಾಸಿಡರ್ ಮಾರ್ಕ್ 3 ಈಗ ನನ್ನ ಕೈಗೆ ಬಂದೈತೆ. ಅವರು ಹೋಗಿ ಎರಡು ವರ್ಷ ಆಯ್ತು, ಅಷ್ಟೂ ದಿನ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಹೋದ ತಿಂಗಳು ಪೇಂಟ್ ಮಾಡಿಸಿ, ಹೊಸ ಬ್ಯಾಟರಿ, ಪ್ಲಗ್ ಹಾಕಿಸಿ ರೋಡಿಗೆ ಇಳಿಸಿದೆ. ಗಾಡಿ ಚೆನ್ನಾಗಿ ಓಡ್ತೈತೆ. ತೊಂದರೆ ಇರೋದು ಟ್ಯಾಕೋಮೀಟರಿನದು, ಅಂದ್ರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತೈತೆ ಅಂತ ತೋರಿಸೋ ಮೀಟರಿನದು.

ಈ ಮಾರ್ಕ್ 3ಕ್ಕೆ ಕಂಪನಿಯಿಂದ ಟ್ಯಾಕೋ ಬರ್ತಿರಲಿಲ್ಲ ಅಂತ ನಿಮಗೆ ಗೊತ್ತಿರತ್ತೆ. ಇದು ಅಪ್ಪಾಜಿ ಮುಂಬೈಗೆ ಹೋದಾಗ ಚೋರ್ ಬಜಾರಿಂದ ತಂದು, ಸ್ಟೇರಿಂಗ್ ಪಕ್ಕ ಡ್ಯಾಶ್‌ಬೋರ್ಡಿನ ಕೆಳಗೆ ತಾವೇ ಕೂರಿಸಿದ್ದು. ದುಂಡು ಮೀಟರ್, ಕಪ್ಪು ಮುಖ, ಬಿಳಿ ಅಂಕಿ, 8000 ತನಕ ಐತೆ. ಅಪ್ಪಾಜಿಗೆ ಇದು ಅಂದ್ರೆ ಪ್ರಾಣ. ಸ್ಪೀಡೋಮೀಟರ್ ನೋಡ್ತಿದ್ರೋ ಇಲ್ವೋ, ಇದನ್ನು ಮಾತ್ರ ನೋಡ್ತಾ ಗೇರ್ ಹಾಕೋರು.

ಈಗ ಆಗ್ತಿರೋದು ಹೀಗೆ. ಐಡ್ಲಿಂಗಿನಲ್ಲಿ ಮುಳ್ಳು 500ರ ಕೆಳಗೇ ನಿಲ್ತೈತೆ, ಆದರೆ ಇಂಜಿನ್ ಸದ್ದು ಅಷ್ಟು ನಿಧಾನ ಇಲ್ಲ. ಹೆಡ್‌ಲೈಟ್ ಹಾಕಿದ ತಕ್ಷಣ ಮುಳ್ಳು ಇನ್ನೂ 200-300 ಬೀಳ್ತೈತೆ. ಸಿರುಗುಪ್ಪ ರೋಡಿನಲ್ಲಿ 50-60ರಲ್ಲಿ ಆರಾಮಾಗಿ ಹೋಗ್ತಿದ್ರೆ ಇದ್ದಕ್ಕಿದ್ದಂತೆ ಮೇಲೆ ಹಾರ್ತೈತೆ, ಕೆಳಗೆ ಬೀಳ್ತೈತೆ, ಒಮ್ಮೊಮ್ಮೆ ಸೊನ್ನೆಗೇ ಬಂದು ಮತ್ತೆ ಏಳ್ತೈತೆ. ನಿನ್ನೆ ಅಮ್ಮನ್ನ ಕರ್ಕೊಂಡು ಸಂಡೂರಿನ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋಗಿದ್ದೆ. ಅಲ್ಲಿ ಬೆಟ್ಟ ಹತ್ತುವಾಗ ಮಾತ್ರ ಮುಳ್ಳು ಗೋಡೆಗೆ ಮೊಳೆ ಹೊಡೆದಂಗೆ ಅಲ್ಲಾಡದೆ ನಿಂತಿತ್ತು. ಇದೇ ನನಗೆ ಅರ್ಥ ಆಗದ ವಿಷಯ.

ಅಪ್ಪಾಜಿ ಒಂದು ಡೈರಿ ಇಟ್ಟಿದ್ರು, ಎಣ್ಣೆ ಬದಲಿಸಿದ್ದು, ಟೈರ್ ಹಾಕಿದ್ದು ಎಲ್ಲಾ ಬರೆದಾರೆ. ಒಂದು ಪುಟದಲ್ಲಿ "ಟಾಪ್ ಗೇರ್ 60 = 2300" ಅಂತ ಐತೆ. ಈಗ ಟಾಪ್ ಗೇರಿನಲ್ಲಿ 60ರಲ್ಲಿ ಹೋದರೆ, ಕುಣಿಯದೆ ನಿಂತಾಗ, 1500 ತೋರಿಸ್ತೈತೆ.

ಇಲ್ಲಿನ ಮೆಕ್ಯಾನಿಕ್ ಒಬ್ಬರು "ಮೇಡಂ, ಇದನ್ನು ಬಿಸಾಕಿ, ಹೊಸ ಡಿಜಿಟಲ್ ಮೀಟರ್ ಹಾಕ್ತೀನಿ" ಅಂದ್ರು. ನನಗೆ ಬಿಸಾಕೋ ಮನಸಿಲ್ಲ. ದಯವಿಟ್ಟು ದಾರಿ ತೋರಿಸಿ.

ಕೊಪ್ಪಳ_ಪದ್ಮಿನಿ · ಕೊಪ್ಪಳ · ಭಾನುವಾರ ರಾತ್ರಿ 10:15

ಅಕ್ಕಾರ, ಬಿಸಾಕಬ್ಯಾಡ್ರಿ. ಹೆಡ್‌ಲೈಟ್ ಹಾಕಿದ್ರ ಮುಳ್ಳು ಬೀಳತೈತಿ ಅಂದ್ರಲ್ಲ, ಅದು ಅರ್ತ್ ತೊಂದರಿ. ನನ್ನ ಪದ್ಮಿನಿ ಪೇಂಟ್ ಮಾಡಿಸಿದಾಗ ಪೆಟ್ರೋಲ್ ಗೇಜಿಗೆ ಹಿಂಗ ಆಗಿತ್ತು. ಪೇಂಟಿನವರು ಡ್ಯಾಶ್‌ಬೋರ್ಡ್ ಬಿಚ್ಚಿ, ಎಲ್ಲಾ ಕಡೆ ಚಲೋ ದಪ್ಪ ಬಣ್ಣ ಹೊಡದು, ಅದರ ಮ್ಯಾಲ ಸ್ಕ್ರೂ ಬಿಗದಿರತಾರ. ಬಣ್ಣದ ಮ್ಯಾಲ ಕುಂತ ಸ್ಕ್ರೂಗೆ ಕರೆಂಟ್ ಹೋಗಾಕ ದಾರಿ ಎಲ್ಲಿ ಐತಿ? ಆವಾಗ ಮೀಟರು, ಲೈಟು ಎಲ್ಲಾ ಕೂಡಿ ಯಾವದೋ ಒಂದ ಸಣ್ಣ ಜಾಗಾದಾಗಿಂದ ಅರ್ತ್ ಹುಡುಕತಾವ. ಲೈಟ್ ಜಾಸ್ತಿ ಕರೆಂಟ್ ಎಳದ ಕೂಡಲೇ ಮೀಟರಿಗೆ ಸಿಗೂ ವೋಲ್ಟೇಜ್ ಇಳೀತೈತಿ.

ಒಂದು ಕಪ್ಪು ವೈರ್ ತಗೋರಿ. ಮೀಟರಿನ ಅರ್ತ್ ಪಿನ್ನಿಂದ ಸೀದಾ ಬ್ಯಾಟರಿ ನೆಗೆಟಿವ್‌ಗೆ ತಾತ್ಕಾಲಿಕವಾಗಿ ಹಚ್ಚಿ ನೋಡ್ರಿ. ಲೈಟ್ ಹಾಕಿದ್ರೂ ಮುಳ್ಳು ಬೀಳಲಿಲ್ಲ ಅಂದ್ರ ಅರ್ತೇ. ಇಂಜಿನ್ನಿಂದ ಬಾಡಿಗೆ ಹೋಗೂ ದಪ್ಪ ಹೆಣೆದ ಪಟ್ಟಿನೂ ನೋಡ್ರಿ, ಬಾಳ ಜನ ಅದನ್ನ ಮರೀತಾರ. ಅದಕ್ಕೂ ಮೊದಲ ನಿಮ್ಮ ಗಾಡಿ ನೆಗೆಟಿವ್ ಅರ್ತೋ ಪಾಸಿಟಿವ್ ಅರ್ತೋ ನೋಡಿಕೊಳ್ರಿ, ಹಳೇ ಬ್ರಿಟಿಷ್ ಗಾಡಿಗಳೊಳಗ ಪಾಸಿಟಿವ್ ಅರ್ತ್ ಇರತಿತ್ತು.

ವೀಕೆಂಡ್_ಡ್ರೈವ್ · ಬೆಂಗಳೂರು · ಭಾನುವಾರ ರಾತ್ರಿ 10:50

ಪಾಯಿಂಟ್ (ಸ್ಪಾರ್ಕ್ ಬರಲು ಕರೆಂಟ್ ಬಿಟ್ಟು ಹಿಡಿಯುವ ಸಣ್ಣ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಬಿಡಿ. ನಾನು ಹಾಕಿಸಿದ ಮೇಲೆ ಸ್ಟಾರ್ಟಿಂಗ್ ತೊಂದರೆ ಹೋಯಿತು, ಮೈಲೇಜ್ ಕೂಡ ಸ್ವಲ್ಪ ಸುಧಾರಿಸಿತು. ಟ್ಯಾಕೋ ಕುಣಿತವೂ ನಿಲ್ಲಬಹುದು.

ವೈರ್‌ಮನ್_ರಾಯಚೂರು · ರಾಯಚೂರು · ಸೋಮವಾರ ಬೆಳಿಗ್ಗೆ 6:20

ತಂಗೀ, ಮೂವತ್ತು ವರ್ಷ ಗಾಡಿ ವೈರಿಂಗ್ ಮಾಡೀನಿ. ಒಂದು ಮಾತು ಮೊದ್ಲೇ ಹೇಳ್ತೀನಿ: ಈಗ ಹೊಸದು ಏನೂ ಹಾಕಬ್ಯಾಡ್ರಿ. ಬೆಂಗಳೂರಿನವರು ಹೇಳಿದ ಎಲೆಕ್ಟ್ರಾನಿಕ್ ಇಗ್ನಿಷನ್ ಕೆಟ್ಟದ್ದಲ್ಲ. ಆದ್ರ ರೋಗ ಗೊತ್ತಾಗೋ ಮೊದ್ಲು ಔಷಧ ಬದಲಿಸಿದ್ರ ಎರಡು ರೋಗ ಕೂಡಿ ಬಿಡ್ತಾವ. ಹಳೇ ಟ್ಯಾಕೋಗಳೊಳಗ ಎರಡು ಜಾತಿ ಅವ. ಒಂದು, ಕಾಯಿಲಿಗೆ (ಸ್ಪಾರ್ಕಿಗೆ ಬೇಕಾದ ವೋಲ್ಟೇಜ್ ಏರಿಸೋ ಸುರುಳಿಗೆ) ಹೋಗೋ ಕರೆಂಟನ್ನೇ ತನ್ನ ಬೆನ್ನಿಗೆ ಒಂದು ಸುತ್ತು ಸುತ್ತಿಸಿಕೊಂಡು ಎಣಿಸೋದು. ಸ್ಮಿತ್ಸ್ ಕಂಪನಿದು ಆರ್‌ವಿಐ ಅಂತ ಮುಖದ ಮ್ಯಾಲ ಬರದಿರ್ತದ. ಇನ್ನೊಂದು, ಕಾಯಿಲಿನ ನೆಗೆಟಿವ್ ಕಡೆಯಿಂದ ಒಂದು ತೆಳು ವೈರ್ ತಗೊಂಡು ವೋಲ್ಟೇಜ್ ನೋಡಿ ಎಣಿಸೋದು, ಅದು ಆರ್‌ವಿಸಿ. ಮೊದಲನೇ ಜಾತಿ ಮೀಟರಿದ್ದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ರ ಎಷ್ಟೋ ಸಲ ಮುಳ್ಳು ಏಳೋದೇ ಇಲ್ಲ. ಅದಕ್ಕ ತಡೀರಿ.

ಮೀಟರ್ ಏನು ಮಾಡ್ತದ ಅಂತ ತಿಳ್ಕೊಂಡ್ರ ಅರ್ಧ ಕೆಲಸ ಆದಂಗ. ನಿಮ್ಮದು ನಾಕು ಸಿಲಿಂಡರ್, ನಾಕು ಸ್ಟ್ರೋಕ್. ಕ್ರ್ಯಾಂಕ್ ಎರಡು ಸುತ್ತು ಸುತ್ತಿದ್ರ ನಾಕೂ ಸಿಲಿಂಡರ್ ಒಂದೊಂದು ಸಲ ಸಿಡೀತಾವ. ಅಂದ್ರ ಒಂದು ಸುತ್ತಿಗೆ ಎರಡು ಸ್ಪಾರ್ಕ್. 3000 ಸುತ್ತಿಗೆ ನಿಮಿಷಕ್ಕ 6000, ಸೆಕೆಂಡಿಗೆ ನೂರು. ಪಾಯಿಂಟ್ ತೆರೆದು ಮುಚ್ಚೋದನ್ನ ಮೀಟರ್ ಎಣಿಸ್ತದ, ಅಷ್ಟೇ ಅದರ ಕೆಲಸ. ಪಾಯಿಂಟ್ ಸರಿಯಾಗಿ ತೆರೆದು ಮುಚ್ಚಲಿಲ್ಲಂದ್ರ ಅದು ಕಂಡದ್ದನ್ನೇ ಹೇಳ್ತದ. ನಡುವ ಒಂದು ಸ್ಪಾರ್ಕ್ ಹೋಯ್ತು ಅಂದ್ರ ಮುಳ್ಳು ಕೆಳಗ. ಒಂದು ಸಲ ತೆರೆಯೋ ಜಾಗದಾಗ ಸಂಪರ್ಕ ಪಟಪಟ ಅಂತ ನಾಕು ಸಲ ಬಿಟ್ಟು ಹಿಡೀತು ಅಂದ್ರ ಮುಳ್ಳು ಮ್ಯಾಲ ಹಾರ್ತದ. ನಿಮ್ಮದು ಎರಡೂ ಮಾಡ್ತದ ಅಂತೀರಿ.

ಇದಕ್ಕ ಉತ್ತರ ಕೊಡ್ರಿ. ಮೀಟರಿನ ಹಿಂದ ಎಷ್ಟು ವೈರ್ ಅವ? ಮುಳ್ಳು ಬಿದ್ದ ಗಳಿಗೆಯೊಳಗ ಇಂಜಿನ್ನೂ ಒಂದು ಸಣ್ಣ ಜರ್ಕ್ ಹೊಡೀತದೇನು? ಹೊಡೆದ್ರ, ಮೊದಲು ಮುಳ್ಳು ಬೀಳ್ತದೋ, ಇಂಜಿನ್ ಕುಗ್ತದೋ? ಈ ಕಡೀ ಪ್ರಶ್ನೆ ಬಾಳ ಮುಖ್ಯ. ಪೆಟ್ರೋಲ್ ಸಾಲದೆ ಇಂಜಿನ್ ಕುಗ್ಗಿದ್ರ ಸ್ಪಾರ್ಕ್ ಬರ್ತಾನೇ ಇರ್ತದ, ಮುಳ್ಳು ಇಂಜಿನ್ ಜೋಡಿ ನಿಧಾನಕ್ಕ ಇಳೀತದ. ಗಾಡಿ ಗೇರಿನೊಳಗ ಓಡ್ತಿರುವಾಗಲೇ ಮುಳ್ಳು ಧೊಪ್ಪಂತ ಸೊನ್ನೆಗೆ ಬಿದ್ರ, ಇಗ್ನಿಷನ್ ಸ್ವಿಚ್ಚಿಂದ ಪಾಯಿಂಟ್ ತನಕ ಎಲ್ಲೋ ಕರೆಂಟ್ ಬಿಡ್ತದ.

ಇಂಜಿನ್ ಚಾಲೂ ಇದ್ದಾಗ ಕಾಯಿಲಿನ ನೆಗೆಟಿವ್ ತುದಿ ಮುಟ್ಟಬ್ಯಾಡ್ರಿ. 12 ವೋಲ್ಟ್ ಅಂತ ತಿಳ್ಕೋತಾರ, ಪಾಯಿಂಟ್ ತೆರೆದಾಗ ಅಲ್ಲಿ ಇನ್ನೂರು ಮುನ್ನೂರು ವೋಲ್ಟ್ ಎದ್ದು ಬರ್ತದ.

ಗಂಗಾವತಿ_350 · ಗಂಗಾವತಿ · ಸೋಮವಾರ ಬೆಳಿಗ್ಗೆ 8:05

ನಡುವೆ ಬರ್ತೀನಿ, ಕ್ಷಮಿಸ್ರಿ. ನನ್ನ ರಾಜದೂತ್ 350 ಟ್ಯಾಕೋನೂ ನಡುಗತೈತಿ, ಮುಳ್ಳು ಎರಡು ಅಂಕಿ ನಡುವೆ ಥರಥರ ಅಂತೈತಿ. ಅದಕ್ಕೂ ಅರ್ತೇ ನೋಡಬೇಕೇನ್ರಿ?

ಸಿಂಧನೂರು_ಟ್ರ್ಯಾಕ್ಟರ್ · ಸಿಂಧನೂರು · ಸೋಮವಾರ ಬೆಳಿಗ್ಗೆ 8:30

ಇಲ್ರಿ, ನಿಮ್ಮದು ಕೇಬಲ್ ಮೀಟರ್. ಅದಕ್ಕೂ ಕರೆಂಟಿಗೂ ಸಂಬಂಧ ಇಲ್ಲ, ಬಲ್ಬಿಗೆ ಬಿಟ್ಟು. ಇಂಜಿನ್ ಕಡೆಯಿಂದ ಕೇಬಲ್ ಬಿಚ್ಚಿ ಒಳಗಿನ ತಂತಿ ಹೊರಗ ಎಳೀರಿ. ಸೀಮೆಎಣ್ಣಿಯೊಳಗ ತೊಳದು, ಒಣಗಿಸಿ, ನೆಲದ ಮ್ಯಾಲ ಉರುಳಿಸಿ ನೋಡ್ರಿ. ಎಲ್ಲೆರ ಸೊಟ್ಟ ಇದ್ರ ಆ ಜಾಗಾದಾಗ ಹಾರ್ತದ, ಅಂಥಾದ್ದು ಬದಲಿಸಬೇಕು. ನೆಟ್ಟಗಿದ್ರ ತೆಳ್ಳಗ ಗ್ರೀಸ್ ಹಚ್ರಿ, ಆದ್ರ ಮ್ಯಾಲಿನ ಒಂದು ಗೇಣು ಬಿಡ್ರಿ, ಇಲ್ಲಂದ್ರ ಗ್ರೀಸ್ ಸುತ್ತಿಕೊಂಡು ಮೀಟರಿನ ಒಳಗ ಏರ್ತದ. ಕೇಬಲ್ ಹಾದು ಬರೋ ದಾರಿಯೊಳಗ ಬಿಗಿ ತಿರುವು ಇರಬಾರದು.

ಅಪ್ಪಾಜಿ_ಅಂಬಿ · ಬಳ್ಳಾರಿ · ಮಂಗಳವಾರ ರಾತ್ರಿ 8:55

ಎಲ್ಲರಿಗೂ ಧನ್ಯವಾದ. ಕೊಪ್ಪಳದ ಅಣ್ಣ ಹೇಳಿದ್ದು ಸರಿ ಆಯ್ತು. ನಮ್ಮ ಗಾಡಿ ನೆಗೆಟಿವ್ ಅರ್ತ್. ಮೀಟರಿನಿಂದ ಕಪ್ಪು ವೈರ್ ಸೀದಾ ಬ್ಯಾಟರಿಗೆ ಹಚ್ಚಿದೆ, ಹೆಡ್‌ಲೈಟ್ ಹಾಕಿದರೆ ಮುಳ್ಳು ಮಿಸುಕಲಿಲ್ಲ. ಆಮೇಲೆ ಮೀಟರಿನ ಕ್ಲ್ಯಾಂಪ್ ಬಿಚ್ಚಿ ನೋಡಿದರೆ ಅವರು ಹೇಳಿದ ಹಾಗೇ, ಸ್ಕ್ರೂ ತೂತಿನ ಒಳಗೂ ಬಣ್ಣ. ಎಮರಿ ಪೇಪರಿನಲ್ಲಿ ಲೋಹ ಕಾಣೋ ತನಕ ಉಜ್ಜಿ, ನಕ್ಷತ್ರ ವಾಷರ್ ಹಾಕಿ ಬಿಗಿದೆ. ಇಂಜಿನ್ ಪಟ್ಟಿ ಗಟ್ಟಿ ಐತೆ.

ಆದರೆ 60ಕ್ಕೆ 1500 ಹಾಗೇ ಐತೆ. ಕುಣಿತವೂ ಹಾಗೇ.

ವೈರ್‌ಮನ್ ಸರ, ನಿಮ್ಮ ಪ್ರಶ್ನೆಗಳಿಗೆ: ಬಲ್ಬಿನದು ಬಿಟ್ಟು ಮೂರು ವೈರ್. ಒಂದು ಇಗ್ನಿಷನ್ ಸ್ವಿಚ್ಚಿಂದ, ಒಂದು ಅರ್ತ್, ಒಂದು ಕಾಯಿಲಿನ ನೆಗೆಟಿವ್‌ಗೆ. ಮುಖದ ಮೇಲೆ ಕಂಪನಿ ಹೆಸರು ಅಳಿಸಿಹೋಗೈತೆ. ಜರ್ಕ್ ಹೌದು, ಇಂಜಿನ್ ಸಣ್ಣಗೆ ಒಂದು ಸಲ ತಡವರಿಸ್ತೈತೆ. ನಾನು ಇದನ್ನು ಪೆಟ್ರೋಲ್ ತೊಂದರೆ ಅಂದ್ಕೊಂಡಿದ್ದೆ, ಈಗ ಎಲ್ಲಾ ಬಂಕಿನಲ್ಲೂ ಎಥನಾಲ್ ಬೆರೆಸಿದ್ದೇ ಬರ್ತೈತಲ್ಲ. ಇವತ್ತು ತಮ್ಮನ್ನ ಪಕ್ಕ ಕೂರಿಸಿ ಮುಳ್ಳನ್ನೇ ನೋಡು ಅಂದೆ. ಮೊದಲು ಮುಳ್ಳು ಬೀಳ್ತೈತೆ ಅಕ್ಕ, ಆಮೇಲೆ ಗಾಡಿ ಎಳೆದಂಗಾಗ್ತೈತೆ ಅಂದ.

ಕೊಪ್ಪಳ_ಪದ್ಮಿನಿ · ಕೊಪ್ಪಳ · ಮಂಗಳವಾರ ರಾತ್ರಿ 9:20

ಎಥನಾಲ್ ವಿಷಯ ಬಂತಂತ ಹೇಳತೀನಿ. ಇ20, ಅಂದ್ರ ನೂರಕ್ಕ 20 ಭಾಗ ಎಥನಾಲ್ ಇರೂ ಪೆಟ್ರೋಲಿನಿಂದ ಮುಳ್ಳು ಕುಣಿಯಂಗಿಲ್ಲ, ಆದ್ರ ಹಳೇ ಗಾಡಿಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಮೆತ್ತಗಾಗಿ ಹಾಳಾಗತಾವ. ಎರಡು ವರ್ಷ ನಿಂತ ಗಾಡಿ ಅಂದ್ರ ಟ್ಯಾಂಕಿನ ತಳದಾಗ ನೀರೂ ಇರತೈತಿ, ಎಥನಾಲ್ ನೀರು ಹೀರತೈತಿ. ಈ ಕೆಲಸ ಮುಗದ ಮ್ಯಾಲ ಪೈಪ್ ಎಲ್ಲಾ ಎಥನಾಲ್ ತಡಿಯೂವಂಥಾದ್ದು ಹಾಕಿಸ್ರಿ. ಇದನ್ನ ಬಿಡಬ್ಯಾಡ್ರಿ, ಬೆಂಕಿ ವಿಷಯ.

ಸಿಂಧನೂರು_ಟ್ರ್ಯಾಕ್ಟರ್ · ಸಿಂಧನೂರು · ಮಂಗಳವಾರ ರಾತ್ರಿ 9:45

ಅಕ್ಕಾರ, ನಿಮ್ಮಪ್ಪಾರ ಡೈರಿ ಬಾಳ ಬೆಲೆ ಬಾಳ್ತದ. 2300ರ ಮೂರರಾಗ ಎರಡು ಭಾಗ ಎಷ್ಟಾಗ್ತದ ಹೇಳ್ರಿ? 1533. ನಿಮ್ಮ ಮುಳ್ಳು ತೋರಿಸೋದು 1500. ಇದು ಸುಮ್ಮನ ಬಂದ ಲೆಕ್ಕ ಅಲ್ಲ.

ಆರು ಸಿಲಿಂಡರ್ ಇಂಜಿನ್ನಿಗೆ ಒಂದು ಸುತ್ತಿಗೆ ಮೂರು ಸ್ಪಾರ್ಕ್. ಮೂರು ಎಣಿಸಿದ್ರ ಒಂದು ಸುತ್ತು ಅಂತ ತಿಳ್ಕೊಂಡ ಮೀಟರನ್ನ ಎರಡು ಸ್ಪಾರ್ಕಿನ ಇಂಜಿನ್ನಿಗೆ ಕಟ್ಟಿದ್ರ ಪ್ರತಿ ಸಲ ಮೂರರಾಗ ಎರಡು ಭಾಗ ತೋರಿಸ್ತದ. ಮೀಟರ್ ಕೆಟ್ಟಿದ್ರ ಹಿಂಗ ಎಲ್ಲಾ ಕಡೆ ಒಂದೇ ಪ್ರಮಾಣದಾಗ ತಪ್ಪಂಗಿಲ್ಲ. ಐಡ್ಲಿಂಗೂ 500ರ ಕೆಳಗ ಅಂದ್ರಿ, ಖರೇ 700 ಇದ್ರ 470ರ ಹತ್ರ ತೋರಿಸಬೇಕು, ಅದೂ ಕೂಡ್ತದ. ಹೊರಗಿಂದ ತಂದು ಹಾಕೋ ಮೀಟರುಗಳ ಬೆನ್ನಿನ ಮ್ಯಾಲ 4, 6, 8 ಅಂತ ಸಣ್ಣ ಸ್ವಿಚ್ ಇರ್ತದ. ಕೆಲವು ಕಡೆ ರಬ್ಬರ್ ಮುಚ್ಚಳದ ಕೆಳಗ. ನಿಮ್ಮಪ್ಪಾರು ಇದ್ದಾಗ ಸರಿ ಇತ್ತಂದ್ರ ಪೇಂಟಿನವರು ಬಿಚ್ಚಿ ಕೂರಿಸುವಾಗ ಜರುಗಿರಬೇಕು. ಹಿಂದ ನೋಡ್ರಿ.

ಟ್ರ್ಯಾಕ್ಟರಿಗೆ ನಾವು ಪಿ.ಟಿ.ಓ. (ಹಿಂದ ಕಟ್ಟಿದ ಯಂತ್ರ ತಿರುಗಿಸೋ ಶಾಫ್ಟ್) ನಿಮಿಷಕ್ಕ 540 ಸುತ್ತು ಬರ್ತದೋ ಇಲ್ಲೋ ನೋಡಾಕ ಕೈಯಾಗ ಹಿಡಿಯೋ ಟ್ಯಾಕೋ ಇಟ್ಟಿರ್ತೀವಿ. ತಿರುಗೋ ಪುಲ್ಲಿಗೆ ಬೆಳ್ಳಿ ಬಣ್ಣದ ಒಂದು ಚೂರು ಟೇಪ್ ಹಚ್ಚಿ, ಅದರ ಮ್ಯಾಲ ಆ ಟ್ಯಾಕೋದ ಬೆಳಕು ಬಿಟ್ರ ಖರೇ ಸುತ್ತು ತೋರಿಸ್ತದ. ನಿಮ್ಮೂರಾಗ ಟ್ರ್ಯಾಕ್ಟರ್ ಸರ್ವಿಸ್ ಮಾಡೋರ ಹತ್ರ ಕೇಳ್ರಿ. ಕ್ರ್ಯಾಂಕ್ ಪುಲ್ಲಿಗೆ ಹಚ್ಚುವಾಗ ಇಂಜಿನ್ ಬಂದ್ ಇರಲಿ, ಸೆರಗು, ದುಪಟ್ಟಾ ಫ್ಯಾನಿನ ಹತ್ರ ಬ್ಯಾಡ.

ಅಪ್ಪಾಜಿ_ಅಂಬಿ · ಬಳ್ಳಾರಿ · ಗುರುವಾರ ಸಂಜೆ 7:10

ಸಿಂಧನೂರಿನ ಅಣ್ಣಾ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು! ಮೀಟರಿನ ಬೆನ್ನಿನ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು, ನಮ್ಮ ಕಡೆಯ ಕೆಂಪು ಧೂಳು ಗೊತ್ತಲ್ಲ, ತೋರಣಗಲ್ಲು ದಾರಿಯಲ್ಲಿ ಅದಿರಿನ ಲಾರಿ ಹಿಂದೆ ಹೋದರೆ ಗಾಡಿ ಒಳಗೆಲ್ಲಾ ಅದೇ. ಉಜ್ಜಿದರೆ ಕೆಳಗೆ ಸಣ್ಣ ಜಾರು ಸ್ವಿಚ್, 6ರ ಮೇಲೆ ನಿಂತಿತ್ತು.

4ಕ್ಕೆ ತರೋ ಮುಂಚೆ ನಮ್ಮ ಚಿಕ್ಕಪ್ಪನ ಮಗ ಒಂದು ಪರೀಕ್ಷೆ ಮಾಡಿದ. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಕೈ ಟ್ಯಾಕೋ ಯಾಕೆ ಬೇಕು, ಮನೆಯ ಕರೆಂಟೇ ಸೆಕೆಂಡಿಗೆ 50 ಸಲ ಬಡೀತೈತಲ್ಲ ಅಂದ. 12 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್ ತಂದು, ಅದರ ಹೊರಗಿನ ತುದಿಗೆ ಒಂದು ಡಯೋಡ್ ಹಾಕಿ, ಆ ಬಡಿತವನ್ನ ಮೀಟರಿನ ಕಾಯಿಲ್ ವೈರಿಗೆ ಕೊಟ್ಟ. ಮೀಟರಿಗೆ ಕರೆಂಟು ಕಾರಿನ ಬ್ಯಾಟರಿಯಿಂದ. ಸೆಕೆಂಡಿಗೆ 50 ಅಂದ್ರೆ ನಿಮಿಷಕ್ಕೆ 3000 ಬಡಿತ. ನಾಲ್ಕು ಸಿಲಿಂಡರಿಗೆ ಎರಡರಿಂದ ಭಾಗಿಸಿದರೆ 1500, ಆರಕ್ಕೆ ಮೂರರಿಂದ ಭಾಗಿಸಿದರೆ 1000. ಸ್ವಿಚ್ 6ರಲ್ಲಿದ್ದಾಗ ಮುಳ್ಳು ನೆಟ್ಟಗೆ 1000ಕ್ಕೆ ಹೋಗಿ ನಿಂತಿತು. 4ಕ್ಕೆ ತಂದರೆ 1500. ಕೂದಲೆಳೆಯಷ್ಟೂ ಕುಣಿತ ಇಲ್ಲ, ಅರ್ಧ ಗಂಟೆ ಬಿಟ್ಟರೂ ಅಲ್ಲೇ ಇತ್ತು. ಅದನ್ನು ನೋಡಿ ನಮ್ಮ ಅಮ್ಮ ಕಣ್ಣೀರು ಹಾಕಿದರು.

ಗಾಡಿಗೆ ವಾಪಸ್ ಹಾಕಿದೆ. ಐಡ್ಲಿಂಗ್ ಈಗ 700. ಆದರೆ ಸಿರುಗುಪ್ಪ ರೋಡಿಗೆ ಹೋದರೆ 50 ದಾಟಿದ ಮೇಲೆ ಮತ್ತೆ ಅದೇ ಕುಣಿತ.

ವೈರ್‌ಮನ್_ರಾಯಚೂರು · ರಾಯಚೂರು · ಗುರುವಾರ ರಾತ್ರಿ 8:00

ಬಾಳ ಛಲೋ ಆಯ್ತು ತಂಗೀ. ಈಗ ಒಂದು ಮಾತು ಪಕ್ಕಾ ಆಯ್ತು: ಮೀಟರ್ ಗಟ್ಟಿ ಅದ. ಮೇಜಿನ ಮ್ಯಾಲ ಅರ್ಧ ಗಂಟೆ ಕುಣಿಯದ ಮೀಟರು ಗಾಡಿಯೊಳಗ ಕುಣೀತದಂದ್ರ ಅದಕ್ಕ ಯಾರೋ ಕುಣಿಸ್ತಾರ. ಮೊದಲು ಮುಳ್ಳು, ಆಮ್ಯಾಲೆ ಜರ್ಕ್ ಅಂತ ನಿಮ್ಮ ತಮ್ಮ ಹೇಳಿದ್ದೂ ಅದೇ ಸಾಕ್ಷಿ.

ಟ್ರಾನ್ಸ್‌ಫಾರ್ಮರ್ ಪರೀಕ್ಷೆ ಓದಿದವರು ಯಾರೂ ಮನೆಯ 230 ವೋಲ್ಟನ್ನ ಸೀದಾ ಮೀಟರಿಗೆ ಕೊಡಬ್ಯಾಡ್ರಿ. ನಡುವ ಟ್ರಾನ್ಸ್‌ಫಾರ್ಮರ್ ಇರಲೇಬೇಕು, ಗೊತ್ತಿದ್ದವರೇ ಮಾಡಬೇಕು.

ಇನ್ನ ಹುಡುಕೋ ಜಾಗ: ಇಗ್ನಿಷನ್ ಸ್ವಿಚ್, ಕಾಯಿಲಿನ ಎರಡು ತುದಿ, ಪಾಯಿಂಟ್, ಕಂಡೆನ್ಸರ್ (ಪಾಯಿಂಟ್ ತೆರೆದಾಗ ಕಿಡಿ ಹಾರಿ ಸುಡದಂಗ ತಡಿಯೋ ಡಬ್ಬಿ), ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚೋದು) ಒಳಗಿನ ವೈರ್. ಕಂಡೆನ್ಸರ್ ಮ್ಯಾಲ ನನಗ ಸಂಶಯ. ಈಗಿನ ಕಂಡೆನ್ಸರ್ ಹಳೇದರಂಗ ಬಾಳಿಕಿ ಬರಂಗಿಲ್ಲ, ಬಿಸಿ ಆದ ಮ್ಯಾಲ ಕೈಕೊಡ್ತಾವ. ಪಾಯಿಂಟ್ ಮುಖ ನೋಡ್ರಿ, ಒಂದು ಕಡೆ ಗುಳಿ ಇನ್ನೊಂದು ಕಡೆ ಉಬ್ಬು ಎದ್ದಿದ್ರ ಕಂಡೆನ್ಸರ್ ಬದಲಿಸ್ರಿ. ಮೀಟರಿನ ವೈರ್ ಪ್ಲಗ್ಗಿನ ದಪ್ಪ ವೈರುಗಳ ಜೋಡಿ ಕಟ್ಟಿದ್ರ ಬಿಡಿಸಿ ದೂರ ಒಯ್ಯಿರಿ, ಅದೂ ಮುಳ್ಳು ಹಾರಿಸ್ತದ.

ಮೈಸೂರು_ಬಿ_ಸೀರೀಸ್ · ಮೈಸೂರು · ಗುರುವಾರ ರಾತ್ರಿ 11:30

ತಡವಾಗಿ ಓದಿದೆ. ವೈರ್‌ಮನ್ ಅವರು ಹೇಳಿದ್ದೆಲ್ಲ ಸರಿ, ಆದರೆ ಕಂಡೆನ್ಸರ್ ಕೊಳ್ಳುವ ಮೊದಲು ಒಂದು ಮಾತು ಕೇಳಿ. ಮೊದಲ ದಿನವೇ ನೀವು ಉತ್ತರ ಬರೆದುಬಿಟ್ಟಿದ್ದೀರಿ. ಬಯಲು ರಸ್ತೆಯಲ್ಲಿ ಆರಾಮವಾಗಿ ಹೋಗುವಾಗ ಕುಣಿತ, ಕುಮಾರಸ್ವಾಮಿ ಬೆಟ್ಟ ಹತ್ತುವಾಗ ಕುಣಿತವಿಲ್ಲ. ಕಂಡೆನ್ಸರ್ ಕೆಟ್ಟಿದ್ದರೆ ಬೆಟ್ಟದಲ್ಲೇ ಹೆಚ್ಚು ಕಾಡಬೇಕಿತ್ತು. ಇಂಜಿನ್ ಬಿಸಿ, ಭಾರವೂ ಹೆಚ್ಚು. ಹಾಗಾಗಿ ಬಯಲಿನಲ್ಲಿ ಇದ್ದು ಬೆಟ್ಟದಲ್ಲಿ ಇಲ್ಲದ ಒಂದು ಸಂಗತಿಯನ್ನು ಹುಡುಕಬೇಕು.

ನಿಮ್ಮದು 1489 ಸಿ.ಸಿ.ಯ ಬಿಎಂಸಿ ಬಿ ಸೀರೀಸ್ ಇಂಜಿನ್. ಎಂಜಿಬಿ ಸ್ಪೋರ್ಟ್ಸ್ ಕಾರಿನ 1798 ಸಿ.ಸಿ. ಇಂಜಿನ್ ಕೂಡ ಇದೇ ವಂಶದ್ದು. ಇವುಗಳ ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ತಟ್ಟೆಯಂಥ ಒಂದು ಡಬ್ಬಿ ಇರುತ್ತದೆ, ಅದರಿಂದ ಕಾರ್ಬೊರೇಟರಿಗೆ ತೆಳುವಾದ ಕೊಳವೆ. ಅದು ವ್ಯಾಕ್ಯೂಮ್ ಅಡ್ವಾನ್ಸ್. ಐಡ್ಲಿಂಗಿನಲ್ಲಿ ಆ ಕೊಳವೆಗೆ ಎಳೆತ ಸಿಗುವುದಿಲ್ಲ, ಯಾಕೆಂದರೆ ಅದರ ತೂತು ಥ್ರಾಟಲ್ ತಟ್ಟೆಯ ಮರೆಯಲ್ಲಿರುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಬಯಲಿನಲ್ಲಿ ಸಾಗುವಾಗ ಜೋರಾಗಿ ಎಳೆಯುತ್ತದೆ. ಬೆಟ್ಟದಲ್ಲಿ ಪೂರ್ತಿ ಒತ್ತಿದಾಗ ಎಳೆತ ಮತ್ತೆ ಬಿದ್ದುಹೋಗುತ್ತದೆ. ಆ ಡಬ್ಬಿಯೊಳಗಿನ ಡಯಾಫ್ರಮ್ ಎಳೆದಾಗ ಪಾಯಿಂಟ್ ಕೂತಿರುವ ತಟ್ಟೆ ಸ್ವಲ್ಪ ತಿರುಗಿ ಸ್ಪಾರ್ಕ್ ಬೇಗ ಬರುವಂತೆ ಮಾಡುತ್ತದೆ. ಇಂಜಿನ್ ವೇಗಕ್ಕೆ ತಕ್ಕಂತೆ ಸ್ಪಾರ್ಕ್ ಮುಂದೆ ತರುವ ತೂಕಗಳು ಬೇರೆ, ಅವು ಈ ತಟ್ಟೆಯನ್ನು ಅಲುಗಿಸುವುದಿಲ್ಲ.

ಈಗ ನೋಡಿ: ಅಲುಗುವ ಆ ತಟ್ಟೆಯಿಂದ ಅಲುಗದ ತಳಕ್ಕೆ ಬಟ್ಟೆ ಸುತ್ತಿದ ಒಂದು ಗಿಡ್ಡ ಅರ್ತ್ ವೈರ್ ಇದೆ. ಪಾಯಿಂಟಿಗೆ ಬರುವ ವೈರೂ ಹಾಗೆಯೇ. ನೀವು ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡಿದ ಪ್ರತಿ ಸಲ ಅವು ಮಡಚಿ ಬಿಚ್ಚಿಕೊಳ್ಳುತ್ತವೆ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ! ಹೊರಗಿನ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ತಾಮ್ರದ ಎಳೆಗಳು ಮುರಿದಿರುತ್ತವೆ. ಅರ್ತ್ ವೈರ್ ಮುರಿದರೂ ಗಾಡಿ ನಿಲ್ಲುವುದಿಲ್ಲ. ತಟ್ಟೆಗೆ ತಟ್ಟೆ ಉಜ್ಜುತ್ತ ಹೇಗೋ ಸಂಪರ್ಕ ಸಿಗುತ್ತದೆ, ಸಿಕ್ಕು ಬಿಡುತ್ತದೆ. ಮುಳ್ಳು ಮೇಲೂ ಹಾರಿ ಕೆಳಗೂ ಬೀಳುವುದು ಅದಕ್ಕೇ.

ಪರೀಕ್ಷೆ ಸುಲಭ. ಇಂಜಿನ್ ಐಡ್ಲಿಂಗಿನಲ್ಲಿರಲಿ. ಕೊಳವೆಯನ್ನು ಕಾರ್ಬೊರೇಟರ್ ಕಡೆಯಿಂದ ಬಿಚ್ಚಿ, ಒಂದು ದೊಡ್ಡ ಸಿರಿಂಜ್ ಹಚ್ಚಿ ಎಳೆದು ಹಿಡಿಯಿರಿ. ದನದ ಡಾಕ್ಟರು ಬಳಸುವ 50 ಎಂ.ಎಲ್.ದು ಸಾಕು. ಒಬ್ಬರು ಎಳೆಯಲಿ, ಒಬ್ಬರು ಮುಳ್ಳು ನೋಡಲಿ.

ವೈರ್‌ಮನ್_ರಾಯಚೂರು · ರಾಯಚೂರು · ಶುಕ್ರವಾರ ಬೆಳಿಗ್ಗೆ 6:05

ಮೈಸೂರಿನವರು ಹೇಳಿದ್ದು ಖರೇ. ಬೆಟ್ಟದ ಮಾತು ನಾನು ಓದಿ ಬಿಟ್ಟುಬಿಟ್ಟಿದ್ದೆ. ಕಂಡೆನ್ಸರ್ ತರಬ್ಯಾಡ ತಂಗೀ, ಮೊದ್ಲು ಇದನ್ನ ಮಾಡು.

ಅಪ್ಪಾಜಿ_ಅಂಬಿ · ಬಳ್ಳಾರಿ · ಶನಿವಾರ ಮಧ್ಯಾಹ್ನ 1:30

ಸಿಕ್ಕಿತು!!

ತಮ್ಮ ಸಿರಿಂಜ್ ಎಳೆದ, ನಾನು ಮುಳ್ಳು ನೋಡ್ತಿದ್ದೆ. ಅರ್ಧ ಎಳೆಯೋ ತನಕ ಏನೂ ಇಲ್ಲ, 700ರಿಂದ ಸ್ವಲ್ಪ ಮೇಲೇರಿತು. ಪೂರ್ತಿ ಎಳೆದ ತಕ್ಷಣ ಮುಳ್ಳು 1500ಕ್ಕೆ ಹಾರಿ, ಸೊನ್ನೆಗೆ ಬಿದ್ದು, ಇಂಜಿನ್ ನಡುಗಿ ನಿಂತೇಹೋಯ್ತು. ಮತ್ತೆ ಸ್ಟಾರ್ಟ್ ಮಾಡಿ ನಾಲ್ಕು ಸಲ ಮಾಡಿದೆವು, ನಾಲ್ಕೂ ಸಲ ಹಾಗೇ.

ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದೆ. ಅರ್ತ್ ವೈರ್ ನೋಡೋಕೆ ಏನೂ ಆಗಿಲ್ಲ. ಚಿಮುಟದಲ್ಲಿ ಹಿಡಿದು ಮೆಲ್ಲಗೆ ಎಳೆದರೆ ರಬ್ಬರಿನ ಹಾಗೆ ಉದ್ದ ಆಯ್ತು, ಒಳಗೆ ತಂತಿನೇ ಇಲ್ಲ! ಮಲ್ಟಿಮೀಟರ್ ಇಟ್ಟರೆ ಒಮ್ಮೆ ಸೊನ್ನೆ ಓಮ್, ತಟ್ಟೆ ತಿರುಗಿಸಿದರೆ 40, ಮತ್ತೆ ಪೂರ್ತಿ ಕಟ್. ಈಗ ಇದಕ್ಕೆ ಯಾವ ವೈರ್ ಹಾಕಬೇಕು? ಮನೆ ವೈರಿಂಗಿನ ತುಂಡು ಐತೆ, ಆಗ್ತೈತಾ?

ವೈರ್‌ಮನ್_ರಾಯಚೂರು · ರಾಯಚೂರು · ಶನಿವಾರ ಮಧ್ಯಾಹ್ನ 2:10

ಬ್ಯಾಡ. ಮನೆ ವೈರ್ ದಪ್ಪ ಎಳಿದು, ಅಲ್ಲಿ ವಾರದಾಗ ಮುರೀತದ. ಮೇಲಾಗಿ ಬಿರುಸಾಗಿ ತಟ್ಟೆ ತಿರುಗಗೊಡಂಗಿಲ್ಲ, ಅಡ್ವಾನ್ಸೇ ಕೆಲಸ ಮಾಡಂಗಿಲ್ಲ. ಮಲ್ಟಿಮೀಟರಿನ ಕಡ್ಡಿಗೆ ಬರೋ ವೈರ್ ನೋಡು, ಕೂದಲಿನಂಥ ನೂರಾರು ಎಳಿ, ಮ್ಯಾಲ ಸಿಲಿಕಾನ್. ಅಂಥಾದ್ದು ಎಲೆಕ್ಟ್ರಾನಿಕ್ಸ್ ಅಂಗಡಿಯೊಳಗ ಮೀಟರ್ ಲೆಕ್ಕದಾಗ ಸಿಗ್ತದ. ಹಳೇ ವೈರಿನಷ್ಟೇ ಉದ್ದ ಕತ್ತರಿಸು. ಗಿಡ್ಡ ಆದ್ರ ತಟ್ಟೆ ಹಿಡೀತದ, ಉದ್ದ ಆದ್ರ ನಡುವ ತಿರುಗೋ ಕ್ಯಾಮಿಗೆ ಬಡೀತದ. ಎರಡೂ ತುದಿಗೆ ಸಣ್ಣ ರಿಂಗ್ ಹಾಕಿ, ಸೋಲ್ಡರ್ ತುದಿಯೊಳಗಷ್ಟೇ ಇರಲಿ. ಸೋಲ್ಡರ್ ವೈರಿನೊಳಗ ಹರಿದು ಹೋದ್ರ ಆ ಜಾಗಾ ಕಡ್ಡಿಯಾಗಿ ಅಲ್ಲೇ ಮುರೀತದ.

ಪಾಯಿಂಟಿಗೆ ಬರೋ ವೈರೂ ಅದೇ ವಯಸ್ಸಿಂದು. ಬಿಚ್ಚಿದಾಗಲೇ ಅದನ್ನೂ ಬದಲಿಸು. ಕೂರಿಸಿದ ಮ್ಯಾಲ ಕೈಲೇ ತಟ್ಟೆ ಆ ಕಡೆ ಈ ಕಡೆ ತಿರುಗಿಸಿ ವೈರ್ ಎಲ್ಲೂ ತಾಗಂಗಿಲ್ಲ ಅಂತ ನೋಡು. ಕ್ಯಾಪ್ ಒಳಗ ಧೂಳು ಕುಂತಿದ್ರ ಒಣ ಬಟ್ಟೆಲೇ ಒರೆಸು. ಮಳಿಗಾಲದಾಗ ಆ ಧೂಳಿಗೆ ತೇವ ಸೇರಿದ್ರ ಸ್ಪಾರ್ಕ್ ಅದರ ಮ್ಯಾಲಿಂದ ಹಾದು ಹೋಗ್ತದ.

ಕೊಪ್ಪಳ_ಪದ್ಮಿನಿ · ಕೊಪ್ಪಳ · ಶನಿವಾರ ಸಂಜೆ 5:00

ಪ್ಲಗ್ ವೈರ್ ಕ್ಯಾಪಿನಿಂದ ಕಿತ್ತಿದ್ರ ಸಿಲಿಂಡರ್ ಸಿಡಿಯೂ ಸರದಿ 1-3-4-2 ಅಂತ ನೆನಪಿಟ್ಟುಕೊಳ್ರಿ ಅಕ್ಕಾರ. ಕೀಳೂಕಿಂತ ಮುಂಚೆ ಒಂದು ಫೋಟೋ ಹೊಡಕೊಂಡ್ರ ಇನ್ನೂ ಚಲೋ.

ಅಪ್ಪಾಜಿ_ಅಂಬಿ · ಬಳ್ಳಾರಿ · ಮಂಗಳವಾರ ರಾತ್ರಿ 9:15

ಕೆಲಸ ಮುಗೀತು. ಕೌಲ್ ಬಜಾರಿನಲ್ಲಿ ವಯಸ್ಸಾದ ಒಬ್ಬ ಮೇಸ್ತ್ರಿ ಸಿಕ್ಕರು. ಸೋಲ್ಡರ್ ಅವರು ಮಾಡಿಕೊಟ್ಟರು, ಡಿಸ್ಟ್ರಿಬ್ಯೂಟರ್ ಬಿಚ್ಚಿ ಕೂರಿಸೋದನ್ನ ನನ್ನ ಕೈಯಲ್ಲೇ ಮಾಡಿಸಿದರು. ಎರಡೂ ವೈರ್ ಹೊಸದು. ಪಾಯಿಂಟಿಗೆ ಬರೋ ವೈರನ್ನು ಬಗ್ಗಿಸಿ ನೋಡಿದರೆ ಅದರದೂ ಅರ್ಧಕ್ಕಿಂತ ಹೆಚ್ಚು ಎಳೆ ಮುರಿದಿದ್ದವು. ಪಾಯಿಂಟ್ ಗ್ಯಾಪನ್ನ ಗಾಡಿಯ ಪುಸ್ತಕ ನೋಡಿ ಇಟ್ಟೆವು. ಖರ್ಚು ಲೆಕ್ಕಕ್ಕೇ ಇಲ್ಲ. ವೈರಿಗೆ ಕೊಟ್ಟದ್ದು 40 ರೂಪಾಯಿ, ಮೇಸ್ತ್ರಿ ಚಹಾ ಮಾತ್ರ ಕುಡಿದರು.

ಇವತ್ತು ಬೆಳಿಗ್ಗೆ ಅಮ್ಮ, ತಮ್ಮ, ನಾನು ಸಿರುಗುಪ್ಪ ತನಕ ಹೋಗಿ ಬಂದೆವು. ದಾರಿ ಉದ್ದಕ್ಕೂ ಎರಡೂ ಕಡೆ ಗದ್ದೆ ಹಸಿರಾಗೈತೆ. ಟಾಪ್ ಗೇರ್, 60. ಮುಳ್ಳು 2300ರ ಗೆರೆ ಮೇಲೆ. ತಮ್ಮ ಡೈರಿ ತೆಗೆದು ಓದಿದ, ಅಮ್ಮ ಮೀಟರ್ ನೋಡಿದರು, ಒಂದೂ ಮಾತಾಡಲಿಲ್ಲ. ಆಕ್ಸಿಲರೇಟರ್ ಒತ್ತಿ ಬಿಟ್ಟು ಎಲ್ಲಾ ಮಾಡಿ ನೋಡಿದೆ, ಒಂದು ಸಲವೂ ಕುಣೀಲಿಲ್ಲ. ಜರ್ಕ್ ಕೂಡ ಹೋಯ್ತು. ನಾನು ಪೆಟ್ರೋಲ್ ಪಂಪ್ ಬದಲಿಸೋಕೆ ಹೊರಟಿದ್ದೆ, ಅದು ಉಳೀತು.

ಆ ಪುಟದಲ್ಲೇ ಕೆಳಗೆ ಈ ಎರಡು ವೈರಿನ ಲೆಕ್ಕ, ಸ್ವಿಚ್ 4ರಲ್ಲಿರಬೇಕು ಅನ್ನೋದು, ಇವತ್ತಿನ ತಾರೀಖು ಬರೆದಿಟ್ಟೆ. ಸ್ವಿಚ್ಚಿನ ಮೇಲೆ ಟೇಪ್ ಅಂಟಿಸೀನಿ, ಮತ್ತೆ ಯಾರ ಕೈಯಿಂದಲೂ ಜರುಗಬಾರದು ಅಂತ.

ಗಂಗಾವತಿ_350 · ಗಂಗಾವತಿ · ಮಂಗಳವಾರ ರಾತ್ರಿ 9:40

ಬಾಳ ಖುಷಿ ಆತ್ರಿ ಅಕ್ಕಾರ. ನನ್ನ ಕೇಬಲ್ ಉರುಳಿಸಿ ನೋಡಿದೆ, ಎರಡು ಕಡೆ ಸೊಟ್ಟ ಆಗೈತಿ. ಹೊಸದು ಹುಡುಕಾಕತ್ತೀನಿ.

ವೈರ್‌ಮನ್_ರಾಯಚೂರು · ರಾಯಚೂರು · ಬುಧವಾರ ಬೆಳಿಗ್ಗೆ 6:10

ತಂಗೀ, 500 ಕಿಲೋಮೀಟರ್ ಓಡಿದ ಮ್ಯಾಲ ಪಾಯಿಂಟ್ ಗ್ಯಾಪ್ ಇನ್ನೊಂದು ಸಲ ನೋಡು. ಹೊಸದಾಗಿ ಇಟ್ಟಾಗ ಕ್ಯಾಮಿಗೆ ಒತ್ತೋ ಹಿಮ್ಮಡಿ ಸ್ವಲ್ಪ ಸವೆದು ಗ್ಯಾಪ್ ಕಡಿಮಿ ಆಗ್ತದ. ಕ್ಯಾಮಿಗೆ ಒಂದು ಚೂರು ಗ್ರೀಸ್ ಹಚ್ಚಿರು, ಜಾಸ್ತಿ ಬ್ಯಾಡ, ಪಾಯಿಂಟಿಗೆ ಸಿಡೀತದ.